ಹೆಂಚಿನ ಛಾವಣಿ ಬಾಗಿದೆಯಾ? ಬೆಂಗಳೂರಿನ ಹಳೇ ಮನೆಗಳ ಮರದ ಟ್ರಸ್‌ನಲ್ಲಿ ದೋಷ ಹುಡುಕುವ ಬಗೆ

ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ವೈಟ್‌ಫೀಲ್ಡ್. ಈ ಕಡೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಮಂಗಳೂರು ಹೆಂಚಿನ ಹಳೇ ಮನೆ ಉಳಿದಿದೆ. ಅಂಥ ಮನೆಯಲ್ಲಿ ಇರುವವರು ಬೇಸಿಗೆ ಮುಗಿಯುವ ಹೊತ್ತಿಗೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಛಾವಣಿ ನಡುವೆ ಬಾಗಿದೆ, ಏನು ಮಾಡಬೇಕು?" ಕರೆಸಿದ ಮೇಸ್ತ್ರಿ ಬಂದು ಮೇಲೆ ನೋಡುತ್ತಾರೆ. ಬಾಗಿದ ಜಾಗದ ಕೆಳಗೆ ಕಬ್ಬಿಣದ ಕಂಬ ನಿಲ್ಲಿಸೋಣ ಅನ್ನುತ್ತಾರೆ. ಇಲ್ಲವೇ ಎಲ್ಲ ತೆಗೆದು ಆರ್‌ಸಿಸಿ ಹಾಕೋಣ ಅನ್ನುತ್ತಾರೆ.

ಎರಡೂ ಅವಸರದ ಮಾತು. ಬಾಗು ಕಾಣುವುದು ನಡುವೆ. ಆದರೆ ದೋಷ ಇರುವುದು ಬಹಳಷ್ಟು ಸಲ ಎರಡು ತುದಿಯಲ್ಲಿ, ಗೋಡೆಯೊಳಗೆ ಹೂತುಹೋದ ಮರದ ಬುಡದಲ್ಲಿ. ಅಲ್ಲಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಇಲ್ಲಿ ಬರೆದಿರುವುದು ಆ ಬುಡದವರೆಗೆ ಹೋಗುವ ದಾರಿ. ಮನೆಯವರೇ ಮಾಡಬಹುದಾದ ತಪಾಸಣೆ ಯಾವುದು, ಎಲ್ಲಿ ನಿಲ್ಲಿಸಿ ಆಚಾರ್ರನ್ನೋ ಇಂಜಿನಿಯರನ್ನೋ ಕರೆಯಬೇಕು ಅನ್ನುವುದೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೇಲೆ ಸಪಾಟಾಗಿದ್ದು, ಕೆಳಗಿನಿಂದ ನೋಡಿದರೆ ಸಾಲಾಗಿ ತೊಲೆ ಕಾಣುವ ಮದ್ರಾಸ್ ಟೆರೇಸ್ ಬೇರೆಯೇ ವಿಷಯ. ಅದರ ಲೆಕ್ಕ ಬೇರೆ, ರಿಪೇರಿ ಬೇರೆ. ಇಲ್ಲಿ ಹೇಳುತ್ತಿರುವುದು ಇಳಿಜಾರು ಛಾವಣಿಯ ಕೆಳಗಿನ ಮರದ ಟ್ರಸ್, ಅಂದರೆ ಛಾವಣಿಯನ್ನು ಹೊತ್ತ ತ್ರಿಕೋನದ ಮರದ ಚೌಕಟ್ಟಿನ ಬಗ್ಗೆ ಮಾತ್ರ.

ಯಾವ ಟ್ರಸ್ ಅಂತ ಗುರುತಿಸಿ

ಅಟ್ಟದ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಒಂದು ಗೋಡೆಯಿಂದ ಎದುರು ಗೋಡೆಗೆ ದೊಡ್ಡ ಅಡ್ಡತೊಲೆ ಇದೆಯಾ? ಅದರ ನಡುವಿನಿಂದ ಛಾವಣಿಯ ತುತ್ತತುದಿಯ ನೆತ್ತಿಯವರೆಗೆ ಒಂದೇ ಕಂಬ ಇದೆಯಾ? ಅದು ಕಿಂಗ್ ಪೋಸ್ಟ್ ಟ್ರಸ್. ಸುಮಾರು 5ರಿಂದ 8 ಮೀಟರ್ ಅಗಲದ ಹಜಾರಗಳಿಗೆ ಇದನ್ನು ಹಾಕುತ್ತಿದ್ದರು. ಒಂದರ ಬದಲು ಎರಡು ಕಂಬ ಇದ್ದು, ಅವುಗಳ ತಲೆಗಳ ನಡುವೆ ಇನ್ನೊಂದು ಅಡ್ಡ ಮರ ಇದ್ದರೆ ಅದು ಕ್ವೀನ್ ಪೋಸ್ಟ್. ಇದು 8ರಿಂದ 12 ಮೀಟರ್ ಅಗಲಕ್ಕೆ. ಶಾಲೆ, ಚರ್ಚು, ದೊಡ್ಡ ಬಂಗಲೆಗಳ ಹಾಲ್‌ಗಳಲ್ಲಿ ಸಿಗುತ್ತದೆ. ಗೋಡೆಯ ಮಟ್ಟದಲ್ಲಿ ಅಡ್ಡತೊಲೆಯೇ ಇಲ್ಲ, ಅರ್ಧ ಎತ್ತರದಲ್ಲಿ ಮಾತ್ರ ಒಂದು ಪಟ್ಟಿ ಇದೆ ಅಂದರೆ ಅದು ಕಾಲರ್ ಛಾವಣಿ. ಚಿಕ್ಕ ಕೋಣೆಗಳಿಗೆ ಅದು ಸಾಕು. ಆದರೆ ಅದು ಗೋಡೆಯನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತಲೇ ಇರುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಜಾಸ್ತಿ ಸಿಗುವುದು ಕಿಂಗ್ ಪೋಸ್ಟ್. ಹಾಗಾಗಿ ಮುಂದೆಲ್ಲ ಅದನ್ನೇ ಹಿಡಿದು ಹೇಳುತ್ತೇನೆ.

ಬಹಳ ಜನಕ್ಕೆ ಇರುವ ತಪ್ಪು ತಿಳಿವಳಿಕೆ ಇಲ್ಲೇ. ನಡುವಿನ ಕಂಬ ಅಡ್ಡತೊಲೆಯ ಮೇಲೆ ನಿಂತು ನೆತ್ತಿಯನ್ನು ಹೊತ್ತಿದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಕಂಬ ನೆತ್ತಿಯಿಂದ ಕೆಳಗೆ ನೇತಾಡುತ್ತಿದೆ. ಎರಡು ಕಡೆಯ ದೊಡ್ಡ ಪಕ್ಕಾಸುಗಳು, ಅಂದರೆ ಗೋಡೆಯಿಂದ ನೆತ್ತಿಗೆ ಇಳಿಜಾರಾಗಿ ಹೋಗುವ ಮರಗಳು, ಕಂಬದ ಅಗಲವಾದ ತಲೆಯನ್ನು ಇಕ್ಕೆಲದಿಂದ ಒತ್ತಿ ಹಿಡಿದಿವೆ. ಕಂಬದ ಬುಡದ ಹೆಗಲಿನ ಮೇಲೆ, ಪಕ್ಕಾಸುಗಳ ನಡುಭಾಗಕ್ಕೆ ಆಸರೆ ಕೊಡುವ ಎರಡು ಓರೆಗೋಲು ಕೂತಿವೆ. ಅಡ್ಡತೊಲೆಯ ನಡುಭಾಗವೂ ಕಬ್ಬಿಣದ ಪಟ್ಟಿಯ ಮೂಲಕ ಆ ಕಂಬಕ್ಕೇ ನೇತಾಡುತ್ತಿದೆ. ಇನ್ನು ಅಡ್ಡತೊಲೆಯ ಮುಖ್ಯ ಕೆಲಸ ಏನು? ಪಕ್ಕಾಸುಗಳ ಕಾಲು ಹೊರಕ್ಕೆ ಜಾರದಂತೆ ಎಳೆದು ಹಿಡಿಯುವುದು. ಬಿಲ್ಲಿಗೆ ಹೆದೆ ಹೇಗೋ ಟ್ರಸ್‌ಗೆ ಅಡ್ಡತೊಲೆ ಹಾಗೆ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಜಾರದ ಅಗಲ 6 ಮೀಟರ್, ಅಂದರೆ 20 ಅಡಿ ಅಂದುಕೊಳ್ಳಿ. ಟ್ರಸ್‌ಗಳ ನಡುವೆ 3 ಮೀಟರ್ ಅಂತರ, ಇಳಿಜಾರು 30 ಡಿಗ್ರಿ. ಮಂಗಳೂರು ಹೆಂಚು ಮತ್ತು ಅದು ಕೂರುವ ತೆಳು ಮರದ ಪಟ್ಟಿ, ಅಂದರೆ ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕಿಲೊ ಹಿಡಿಯುವುದು ವಾಡಿಕೆ. ಚಿಕ್ಕ ಪಕ್ಕಾಸು, ಅವುಗಳನ್ನು ಹೊತ್ತ ಪರ್ಲಿನ್ ಎಂಬ ಅಡ್ಡ ಮರ, ಟ್ರಸ್‌ನ ಸ್ವಂತ ತೂಕ ಎಲ್ಲ ಕೂಡಿಸಿದರೆ ಒಂದು ಟ್ರಸ್ ಮೇಲೆ ಸುಮಾರು 1,600 ಕಿಲೊ ಬೀಳುತ್ತದೆ. ಆಗ ನಡುವಿನ ಕಂಬದಲ್ಲಿ ಸುಮಾರು 400 ಕಿಲೊ ಎಳೆತ. ಅಡ್ಡತೊಲೆಯಲ್ಲಿ ಸುಮಾರು ಒಂದು ಟನ್ ಎಳೆತ. ಇಳಿಜಾರು 22 ಡಿಗ್ರಿಗೆ ಇಳಿದರೆ ಅಡ್ಡತೊಲೆಯ ಎಳೆತ ಒಂದೂವರೆ ಟನ್ ಹತ್ತಿರ ಹೋಗುತ್ತದೆ. ಈ ಅಷ್ಟೂ ಎಳೆತವನ್ನು ತಡೆದು ನಿಂತಿರುವುದು ಬುಡದ ಜಾಯಿಂಟ್. ಪಕ್ಕಾಸಿನ ಕಾಲು ಅಡ್ಡತೊಲೆಗೆ ಕಚ್ಚಿಕೊಂಡಿರುವ ಆ ಒಂದು ಗೇಣು ಜಾಗ.

ಅದು ಇರುವುದೋ ಸೂರಿನ ಮೂಲೆಯಲ್ಲಿ. ಅತಿ ಹೆಚ್ಚು ನೀರು ಬೀಳುವ ಜಾಗವೂ ಅದೇ, ಗಾಳಿ ಆಡದ ಜಾಗವೂ ಅದೇ.

ರಸ್ತೆಯ ಆಚೆ ನಿಂತು ಶುರು ಮಾಡಿ

ಏಣಿ ಹತ್ತುವ ಮೊದಲು ಹೊರಗೆ ಹೋಗಿ. ನೆತ್ತಿಯ ಗೆರೆ ಪೂರ್ತಿ ಕಾಣುವಷ್ಟು ದೂರ ನಿಂತು ನೋಡಿ. ಫೋನಿನಲ್ಲಿ ಫೋಟೊ ತೆಗೆದು ಅದರ ಮೇಲೆ ನೇರವಾದ ಒಂದು ಗೆರೆ ಎಳೆದರೆ ಬಾಗು ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಳಗೆ ಟ್ರಸ್ ಎಲ್ಲೆಲ್ಲಿವೆ ಅಂತ ಗೋಡೆಯಿಂದ ಅಳೆದು ಅದೇ ಫೋಟೊದಲ್ಲಿ ಗುರುತು ಹಾಕಿ.

ಎರಡು ಟ್ರಸ್‌ಗಳ ನಡುವೆ ನೆತ್ತಿ ತಗ್ಗಿದೆ, ಟ್ರಸ್ ಇರುವಲ್ಲಿ ಸರಿಯಾಗಿದೆ ಅಂದರೆ ಬಾಗಿರುವುದು ನೆತ್ತಿಯ ತೊಲೆ ಮಾತ್ರ. ಭಾರ ಹೊತ್ತ ಮರ ದಶಕಗಳಲ್ಲಿ ನಿಧಾನವಾಗಿ ಬಾಗುವುದು ಸಹಜ. ಅಲ್ಲಿ ನೀರು ಸೋರದಿದ್ದರೆ, ಬಾಗು ಹೆಚ್ಚುತ್ತಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಬಹುದು. ಇಳಿಜಾರಿನಲ್ಲಿ ಅಲೆ ಅಲೆಯಾಗಿ ಕಂಡರೆ ರೀಪು ಅಥವಾ ಚಿಕ್ಕ ಪಕ್ಕಾಸಿನ ದೋಷ. ಅದು ಸುಲಭದ ಕೆಲಸ. ಆದರೆ ಸರಿಯಾಗಿ ಟ್ರಸ್ ಇರುವ ಜಾಗದಲ್ಲೇ ನೆತ್ತಿ ಕುಸಿದಿದ್ದರೆ, ಅದರಲ್ಲೂ ಒಂದೇ ಟ್ರಸ್‌ನಲ್ಲಿ ಕುಸಿದಿದ್ದರೆ, ಅದು ಟ್ರಸ್‌ನ ಜಾಯಿಂಟ್ ಬಿಡುತ್ತಿರುವ ಲಕ್ಷಣ. ಮುಂದಿನ ಹುಡುಕಾಟ ಪೂರ್ತಿ ಆ ಟ್ರಸ್ ಮೇಲೆ.

ಬಾಗು ಹಳೆಯದೋ ಹೊಸದೋ ಅನ್ನುವುದು ದೊಡ್ಡ ಪ್ರಶ್ನೆ. ಮನೆಯ ಹಿರಿಯರನ್ನು ಕೇಳಿ. "ನಮ್ಮ ಮಾವನವರ ಕಾಲದಿಂದ ಹೀಗೇ ಇದೆ ಕಣಪ್ಪ" ಅಂದರೆ ಅದು ಒಳ್ಳೆಯ ಸುದ್ದಿ. ಮಾತಿಗಿಂತ ಗಟ್ಟಿ ಸಾಕ್ಷಿ ಹಳೇ ಫೋಟೊ. ಮದುವೆ, ಗೃಹಪ್ರವೇಶದ ಗುಂಪು ಫೋಟೊಗಳನ್ನು ಮನೆ ಮುಂದೆ ನಿಲ್ಲಿಸಿಯೇ ತೆಗೆದಿರುತ್ತಾರೆ. ಹಿಂದೆ ಛಾವಣಿಯ ಗೆರೆ ಕಂಡೇ ಕಾಣುತ್ತದೆ. ಇಂದಿನ ಫೋಟೊ ಪಕ್ಕ ಇಟ್ಟು ಹೋಲಿಸಿ.

ಹೆಂಚಿನ ಮೇಲಿನ ಅಚ್ಚು ನೋಡಿ ಛಾವಣಿಯ ವಯಸ್ಸು ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಇದ್ದರೆ ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ 1898ರ ಪ್ಲೇಗ್ ಆದಮೇಲೆ.

ಗೋಡೆ ಏನು ಹೇಳುತ್ತದೆ

ಈಗ ಸೂರಿನ ಕೆಳಗೆ ಬನ್ನಿ. ಟ್ರಸ್ ಕೂತಿರುವ ಜಾಗದ ಹತ್ತಿರ ಗೋಡೆಯ ಮೇಲ್ಭಾಗದಲ್ಲಿ ಅಡ್ಡಡ್ಡ ಬಿರುಕು ಇದೆಯಾ? ತೂಗುಗುಂಡು ಬಿಟ್ಟು ನೋಡಿ. ಗೋಡೆ ಕೆಳಗೆ ನೇರವಾಗಿದ್ದು ಮೇಲಿನ ಎರಡು ಮೂರು ಅಡಿ ಮಾತ್ರ ಹೊರಕ್ಕೆ ವಾಲಿದ್ದರೆ ಪಕ್ಕಾಸಿನ ಕಾಲು ಗೋಡೆಯನ್ನು ತಳ್ಳುತ್ತಿದೆ ಅಂತ ಅರ್ಥ. ಅಡ್ಡತೊಲೆ ತನ್ನ ಕೆಲಸ ಬಿಟ್ಟಿದೆ. ಇಂಥ ಕಡೆ ಬಿರುಕಿಗೆ ಸಿಮೆಂಟ್ ತುಂಬಿ ಬಣ್ಣ ಬಳಿದರೆ ಎರಡನೇ ಮಳೆಗೆ ಮತ್ತೆ ತೆರೆದುಕೊಳ್ಳುತ್ತದೆ. ಗೋಡೆ ಬುಡದಿಂದಲೇ ವಾಲಿದ್ದರೆ ಅದು ತಳಪಾಯದ ಸಮಸ್ಯೆ. ಟ್ರಸ್‌ನ ತಪ್ಪಲ್ಲ.

ಒಳಗಿನ ಲಕ್ಷಣವೂ ಒಂದಿದೆ. ಸೀಲಿಂಗ್ ಹಲಗೆ ಮತ್ತು ಗೋಡೆ ಸೇರುವ ಕಡೆ ಹೊಸದಾಗಿ ಸಂದು ಬಿಟ್ಟಿದೆಯಾ ನೋಡಿ. ಹಲಗೆಯ ಅಂಚಿನಲ್ಲಿ ಬಣ್ಣ ಹತ್ತದ ಹಸಿ ಮರ ಗೆರೆಯಾಗಿ ಕಂಡರೆ ಗೋಡೆ ಸರಿದಿರುವುದು ಇತ್ತೀಚೆಗೆ.

ಅಟ್ಟ ಹತ್ತಿದ ಮೇಲೆ

ಹತ್ತುವ ಮುಂಚೆ ಕರೆಂಟ್ ಮೇನ್ ಆರಿಸಿ. ಹಳೇ ಮನೆಗಳ ಅಟ್ಟದಲ್ಲಿ ರಬ್ಬರ್ ಕಳಚಿದ ವೈರ್ ಮರಕ್ಕೆ ಒರಗಿಕೊಂಡೇ ಇರುತ್ತದೆ. ಸೀಲಿಂಗ್ ಹಲಗೆ ಮೇಲೆ ಕಾಲಿಡಬೇಡಿ, ಅಡ್ಡತೊಲೆ ಮೇಲೆ ಹಲಗೆ ಹಾಸಿಕೊಂಡು ನಡೆಯಿರಿ. ಪಾರಿವಾಳದ ಹಿಕ್ಕೆ ಇದ್ದರೆ ಮೂಗು ಬಾಯಿಗೆ ಮಾಸ್ಕ್ ಇರಲಿ. ಟಾರ್ಚ್, ಒಂದು ಹಳೇ ಸ್ಕ್ರೂಡ್ರೈವರ್, ಸುತ್ತಿಗೆ, ಪೆನ್ಸಿಲ್ ಸಾಕು. ಮರದ ತೇವ ಅಳೆಯುವ ಚಿಕ್ಕ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ನೇರ ಬುಡಕ್ಕೆ ಹೋಗಿ. ಅಲ್ಲಿ ನೋಡಬೇಕಾದದ್ದು ಮೂರು.

ಒಂದು, ಅಡ್ಡತೊಲೆಯ ತುದಿ ಗಟ್ಟಿ ಇದೆಯಾ. ಗೋಡೆಯೊಳಕ್ಕೆ ಹೋಗುವ ಕಡೆ ಸ್ಕ್ರೂಡ್ರೈವರ್ ಒತ್ತಿ. ಒಳ್ಳೆಯ ತೇಗದಲ್ಲಿ ತುದಿ ಒಂದೆರಡು ಮಿಲಿಮೀಟರ್ ಹೋಗುವುದೂ ಕಷ್ಟ. ಒಂದು ಇಂಚು ಸರಾಗವಾಗಿ ಇಳಿದರೆ ಕೊಳೆತಿದೆ. ಸುತ್ತಿಗೆಯ ಹಿಡಿಯಿಂದ ತೊಲೆಯ ನಡುವೆ ಒಮ್ಮೆ ಬಡಿದು ಸದ್ದು ಕೇಳಿಸಿಕೊಳ್ಳಿ. ಹಾಗೇ ಬಡಿಯುತ್ತಾ ತುದಿಗೆ ಬನ್ನಿ. ಠಣ್ ಅನ್ನುವ ಸದ್ದು ಎಲ್ಲಿ ಡಬ್ ಅಂತ ಮಂಕಾಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮೇಲ್ಮೈ ನೋಡಿ ಮೋಸ ಹೋಗಬೇಡಿ. ಹೊರಗೆ ಬೆರಳು ದಪ್ಪ ಗಟ್ಟಿ ಮರ ಉಳಿದು ಒಳಗೆ ಪೂರ್ತಿ ಪುಡಿಯಾಗಿರುವ ತುದಿಗಳು ಬಹಳ ಸಿಗುತ್ತವೆ. ತೊಲೆಯ ಅಡಿಭಾಗ, ಗೋಡೆಗೆ ತಾಗುವ ಕಡೆ ಮೊದಲು ಹಾಳಾಗುತ್ತದೆ.

ಎರಡು, ಕಚ್ಚು, ಅಂದರೆ ಪಕ್ಕಾಸಿನ ಕಾಲು ಕೂರಲು ಅಡ್ಡತೊಲೆಯಲ್ಲಿ ಕೆತ್ತಿದ ಗುಳಿ. ಪಕ್ಕಾಸಿನ ಕಾಲು ಕೂತಿರುವ ಕಚ್ಚಿನ ಆಚೆಗೆ ಅಡ್ಡತೊಲೆಯ ತುದಿ ಸ್ವಲ್ಪ ಉದ್ದ ಉಳಿದಿರುತ್ತದೆ. ಪಕ್ಕಾಸು ಹೊರಕ್ಕೆ ತಳ್ಳುವ ಬಲವನ್ನು ತಡೆಯುವುದು ಆ ತುಂಡು. ಅಲ್ಲಿ ಮರದ ನಾರಿನ ಉದ್ದಕ್ಕೆ ಸೀಳು ಬಿಟ್ಟು, ಮೇಲಿನ ಪದರ ಹೊರಕ್ಕೆ ಜಾರಿದೆಯಾ? ಕಾಲು ಕಚ್ಚಿನಿಂದ ಎದ್ದಿದೆಯಾ? ಜಾರಿದ್ದರೆ ಕಚ್ಚಿನ ಒಳಮುಖದಲ್ಲಿ ಧೂಳು ಹತ್ತದ, ಬಣ್ಣ ಬೇರೆಯಾದ ಒಂದು ಪಟ್ಟಿ ಕಾಣುತ್ತದೆ. ಅದರ ಅಗಲವೇ ಕಾಲು ಜಾರಿರುವ ದೂರ. ಅಳೆದು ಬರೆದಿಡಿ.

ಮೂರು, ಕಬ್ಬಿಣ. ಹಳೇ ಆಚಾರಿಗಳು ಈ ಜಾಯಿಂಟ್ ಮೇಲೆ ಕಬ್ಬಿಣದ ಪಟ್ಟಿ ಅಥವಾ ಬೋಲ್ಟ್ ಹಾಕುತ್ತಿದ್ದರು. ಪಟ್ಟಿ ತುಕ್ಕು ಹಿಡಿದು ಪದರ ಪದರವಾಗಿ ಎದ್ದಿದೆಯಾ? ಬೋಲ್ಟಿನ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದೆಯಾ? ಬೋಲ್ಟ್ ಸಡಿಲ ಅಂತ ಅನ್ನಿಸಿದರೂ ಕೂಡಲೇ ಬಿಗಿ ಮಾಡಬೇಡಿ. ಕೊಳೆತ ಮರದಲ್ಲಿ ಬಿಗಿದರೆ ಇರುವ ಹಿಡಿತವೂ ಹೋಗುತ್ತದೆ.

ತುದಿ ಗಾರೆಯೊಳಗೆ ಪೂರ್ತಿ ಮುಚ್ಚಿಹೋಗಿದ್ದರೆ ಗಾರೆ ಸ್ವಲ್ಪ ಬಿಡಿಸಿಯೇ ನೋಡಬೇಕು. ಇಲ್ಲಿ ಬೆಂಗಳೂರಿನ ಮನೆಗಳಲ್ಲಿ ಪದೇ ಪದೇ ಕಾಣುವ ಕಥೆ ಇದೆ. ಮೊದಲು ಕಟ್ಟಿದವರು ತೊಲೆಯ ತುದಿಯನ್ನು ಕಲ್ಲಿನ ಹಾಸಿನ ಮೇಲೆ ಇಟ್ಟು, ಸುತ್ತ ಗಾಳಿಯಾಡಲು ಸಂದು ಬಿಟ್ಟಿರುತ್ತಾರೆ, ಇಲ್ಲವೇ ಸುಣ್ಣದ ಗಾರೆ ತುಂಬಿರುತ್ತಾರೆ. ಸುಣ್ಣದ ಗಾರೆ ನೀರು ಕುಡಿದರೂ ಬೇಗ ಒಣಗುತ್ತದೆ. ಆಮೇಲೆ ಯಾರೋ ಇಲಿ, ಪಾರಿವಾಳ ಬರುತ್ತವೆ ಅಂತ ಆ ಸಂದಿಗೆ ಸಿಮೆಂಟ್ ತುಂಬುತ್ತಾರೆ. ಅಲ್ಲಿಂದ ಮುಂದೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ನೂರು ವರ್ಷ ಗಟ್ಟಿಯಾಗಿದ್ದ ತೇಗದ ತುದಿ ಸಿಮೆಂಟ್ ಬಿದ್ದ ಮೇಲೆ ಹದಿನೈದು ಇಪ್ಪತ್ತು ವರ್ಷದಲ್ಲಿ ಕೊಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪಾರಿವಾಳಕ್ಕೆ ಒಂದು ತುಂಡು ಜಾಲರಿ ಸಾಕಿತ್ತು.

ಬುಡ ಆದಮೇಲೆ ನೆತ್ತಿ. ಕಂಬದ ತಲೆಗೂ ಪಕ್ಕಾಸಿಗೂ ನಡುವೆ ಸಂದು ಬಿಟ್ಟಿದೆಯಾ ನೋಡಿ. ಹಸಿ ಇದ್ದಾಗ ಕೆತ್ತಿ ಕೂರಿಸಿದ ಮರ ಒಣಗಿದಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಕಂಬದ ತಲೆ ಅಡ್ಡಕ್ಕೆ ಕುಗ್ಗಿದರೆ ಪಕ್ಕಾಸುಗಳು ಒಂದಿಷ್ಟು ಕೆಳಗಿಳಿಯುತ್ತವೆ, ಛಾವಣಿ ಸ್ವಲ್ಪ ಬಾಗುತ್ತದೆ. ಇದು ಕಟ್ಟಿದ ಮೊದಲ ಕೆಲವು ವರ್ಷಗಳಲ್ಲೇ ಆಗಿ ಮುಗಿದ ಬಾಗು. ಸಂದಿನೊಳಗೆ ಹಳೇ ಧೂಳು, ಜೇಡರ ಬಲೆ ತುಂಬಿದ್ದರೆ ಚಿಂತೆ ಬೇಡ. ನಂತರ ಕಂಬದ ಬುಡ. ಅಡ್ಡತೊಲೆಯನ್ನು ಹಿಡಿದಿರುವ ಪಟ್ಟಿ ಮತ್ತು ಅದರ ಬೆಣೆ ಬಿಗಿಯಾಗಿವೆಯಾ ನೋಡಿ. ಇಲ್ಲಿ ಬೆಣೆ ಸಡಿಲವಾಗಿ ತೊಲೆಯ ನಡುಭಾಗ ಸ್ವಲ್ಪ ಇಳಿದಿದ್ದರೆ, ಮಿಕ್ಕೆಲ್ಲ ಸರಿಯಿದ್ದರೆ, ಬೆಣೆ ಬಡಿದು ಬಿಗಿ ಮಾಡಿದರೇ ಮುಗಿಯಿತು.

ಕೊಳೆತವೋ, ಹುಳವೋ, ಸುಮ್ನೆ ಒಣಗಿದ ಬಿರುಕೋ

ಮರದ ಮೇಲೆ ಉದ್ದುದ್ದ ಬಿರುಕು ಕಂಡ ಕೂಡಲೇ ಗಾಬರಿಯಾಗುತ್ತಾರೆ. ದಪ್ಪ ಮರ ಒಣಗುವಾಗ ನಾರಿನ ಉದ್ದಕ್ಕೆ ಸೀಳುವುದು ಸಾಮಾನ್ಯ. ಆ ಬಿರುಕು ಜಾಯಿಂಟ್ ಮೂಲಕ ಹೋಗದಿದ್ದರೆ, ಓರೆಯಾಗಿ ತೊಲೆಯ ಅಂಚಿಗೆ ಬಂದು ಮುಗಿಯದಿದ್ದರೆ ತೊಂದರೆ ಇಲ್ಲ. ಅಪಾಯದ ಬಿರುಕು ಬೇರೆ. ನಾರನ್ನು ಅಡ್ಡಕ್ಕೆ ಕಡಿದುಕೊಂಡು ಹೋಗಿರುತ್ತದೆ, ತೊಲೆಯ ಅಡಿಯಲ್ಲಿ ಸಿಬಿರು ಎದ್ದಿರುತ್ತದೆ. ಇದನ್ನು ಕಂಡರೆ ತಪಾಸಣೆ ನಿಲ್ಲಿಸಿ. ಕೆಳಗಿನ ಕೋಣೆ ಖಾಲಿ ಮಾಡಿಸಿ, ಇಂಜಿನಿಯರನ್ನು ಕರೆಯಿರಿ.

ಕೊಳೆತದಲ್ಲಿ ಮರ ಕಂದಾಗಿ ಚೌಕ ಚೌಕವಾಗಿ ಒಡೆದು ಕೈಯಲ್ಲಿ ಹಿಟ್ಟಾಗುತ್ತದೆ. ಇಲ್ಲವೇ ಬಿಳಿಚಿಕೊಂಡು ನಾರು ನಾರಾಗುತ್ತದೆ. ಎರಡೂ ಶಿಲೀಂಧ್ರದ ಕೆಲಸ. ಎರಡಕ್ಕೂ ನೀರು ಬೇಕೇ ಬೇಕು. ಮೀಟರ್‌ನಲ್ಲಿ ತೇವ 20 ಶೇಕಡಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಹಾಗಾಗಿ ಒಂದೇ ತೊಲೆಯ ನಡುವಿನಲ್ಲೂ ತುದಿಯಲ್ಲೂ ಅಳೆದು ಹೋಲಿಸಿ. ನಡುವೆ 12 ಇದ್ದು ತುದಿಯಲ್ಲಿ 25 ಬಂದರೆ ನೀರು ಈಗಲೂ ಬರುತ್ತಿದೆ. ಕೊಳೆತ ಗುರುತು ಇದ್ದೂ ಮಳೆಗಾಲದಲ್ಲೇ ಅಳೆದಾಗ 13 ಬಂದರೆ ಅದು ಯಾವತ್ತೋ ಆಗಿ ನಿಂತುಹೋದದ್ದು. ಮೊದಲನೆಯದಕ್ಕೆ ಅವಸರ ಮಾಡಬೇಕು. ಎರಡನೆಯದಕ್ಕೆ ಯೋಚಿಸಲು ಸಮಯ ಇದೆ.

ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ಗೋಡೆಯ ಮೂಲೆ, ವೈರಿನ ಪೈಪು, ಬಾಗಿಲ ಚೌಕಟ್ಟಿನ ಹಿಂಭಾಗ ಎಲ್ಲ ನೋಡಿ, ದಾರಿಯನ್ನು ನೆಲದವರೆಗೆ ಹಿಂಬಾಲಿಸಿ. ಮೇಲೆ ಮಾತ್ರ ಔಷಧ ಹೊಡೆದರೆ ಸಾಲದು. ಗೋಡೆಯ ಬುಡದಲ್ಲಿ ಮಣ್ಣಿಗೂ ಚಿಕಿತ್ಸೆ ಬೇಕು.

ನುಸಿ ಹಿಡಿದ ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು, ಕೆಳಗೆ ಮೈದಾದಂಥ ಪುಡಿ. ಈ ಹುಳ ತಿನ್ನುವುದು ಮರದ ಹೊರಗಿನ ಬಿಳಿ ಭಾಗವನ್ನು. ತೇಗದ ಕೆಚ್ಚಿಗೆ ಅದು ಹೋಗುವುದಿಲ್ಲ. ಹಾಗಾಗಿ ತೂತು ಕಂಡರೆ ಬಿಳಿ ಭಾಗವನ್ನು ಉಳಿಯಲ್ಲಿ ಕೆರೆದು, ಒಳಗಿನ ಕೆಚ್ಚು ಎಷ್ಟು ಉಳಿದಿದೆ ಅಂತ ಅಳೆಯಿರಿ. ಹುಳ ಈಗಲೂ ಇದೆಯಾ ಅನ್ನುವುದಕ್ಕೆ ಸುಲಭ ಪರೀಕ್ಷೆ ಇದೆ. ಪುಡಿಯನ್ನೆಲ್ಲ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಮತ್ತೆ ಬಿಳಿ ಪುಡಿ ಬಿದ್ದರೆ ಇದೆ. ಇಲ್ಲದಿದ್ದರೆ ಅವು ಹಳೇ ತೂತುಗಳು.

ಮರ ಯಾವುದು ಅಂತ ಗೊತ್ತಾಗದಿದ್ದರೆ ಊಹೆ ಮಾಡಬೇಡಿ. ತೇಗ, ಹೊನ್ನೆ, ಮತ್ತಿ, ನಂದಿ, ಎಲ್ಲವೂ ಹಳೇ ಛಾವಣಿಗಳಲ್ಲಿ ಸಿಗುತ್ತವೆ. ಹೊಗೆ, ಧೂಳು ಹಿಡಿದ ಮೇಲೆ ಎಲ್ಲವೂ ಒಂದೇ ಬಣ್ಣ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿಯಲ್ಲಿ ಚಿಕ್ಕ ತುಂಡು ನೋಡಿ ಮರದ ಜಾತಿ ಗುರುತಿಸುತ್ತಾರೆ. ಜೋಡಿಸುವ ಹೊಸ ಮರ ಹಳೆಯದರ ಜಾತಿಯದೇ ಆಗಿರಬೇಕು ಅಲ್ವಾ, ಅದಕ್ಕೆ ಇದು ಬೇಕು.

ನೀರು ಎಲ್ಲಿಂದ ಬರುತ್ತಿದೆ

ಒಳಗೆ ಹನಿ ಬೀಳುವ ಜಾಗದ ನೇರ ಮೇಲೆ ಒಡೆದ ಹೆಂಚು ಹುಡುಕುತ್ತಾರೆ, ಸಿಗುವುದಿಲ್ಲ. ಒಳಗೆ ಬಂದ ನೀರು ರೀಪಿನ ಮೇಲೆ ಅಡ್ಡಕ್ಕೆ ಹರಿದು, ಪಕ್ಕಾಸು ಹಿಡಿದು ಕೆಳಗಿಳಿದು, ಎಲ್ಲಿ ತಡೆ ಸಿಗುತ್ತದೋ ಅಲ್ಲಿ ಹನಿಯುತ್ತದೆ. ಹನಿಯಿಂದ ಮೇಲಕ್ಕೆ ಪಕ್ಕಾಸಿನ ಮೇಲಿನ ಕಂದು ಗೆರೆಯನ್ನು ಹಿಂಬಾಲಿಸಿ. ಮೇಲ್ತುದಿಯಲ್ಲಿ ಗೆರೆ ಎಲ್ಲಿ ಶುರುವಾಗಿದೆಯೋ ಅದರ ಸುತ್ತಲಿನ ಹೆಂಚು ನೋಡಿ. ಹಗಲು ಹೊತ್ತು ಟಾರ್ಚ್ ಆರಿಸಿ ಕತ್ತಲಲ್ಲಿ ಕೂತರೆ ಬೆಳಕು ತೂರುವ ತೂತೆಲ್ಲ ತಾನೇ ಕಾಣುತ್ತದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರ್ ಮಳೆ. ಕರಾವಳಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಗುಡುಗು, ಗಾಳಿ ಹೊತ್ತು ಬರುತ್ತದೆ. ಆ ಗಾಳಿ ಹೆಂಚಿನ ಅಡಿಯಿಂದ ಮೇಲಕ್ಕೆ ನೀರು ನುಗ್ಗಿಸುತ್ತದೆ. ಇಳಿಜಾರು 25 ಡಿಗ್ರಿಗಿಂತ ಕಡಿಮೆ ಇರುವ ವರಾಂಡ, ಪೋರ್ಟಿಕೊಗಳಲ್ಲಿ ಇದು ಜಾಸ್ತಿ. ಇಳಿಜಾರು ಎಷ್ಟಿದೆ ಅಂತ ಫೋನಿನ ಲೆವೆಲ್ ಆ್ಯಪ್ ಅನ್ನು ಪಕ್ಕಾಸಿಗೆ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ರೀಪುಗಳ ನಡುವಿನ ಅಂತರವನ್ನೂ ಅಳೆಯಿರಿ. ಸುಮಾರು 32 ಸೆಂಟಿಮೀಟರ್ ಇರಬೇಕು. ಹಿಂದಿನ ರಿಪೇರಿಯಲ್ಲಿ ಹೆಂಚು ಉಳಿಸಲು ಅಂತರ ಎಳೆದಿದ್ದರೆ ಹೆಂಚಿನ ಮೇಲೆ ಹೆಂಚು ಸರಿಯಾಗಿ ಕೂರುವುದಿಲ್ಲ.

ಆದರೂ ಟ್ರಸ್ ಬುಡ ಕೊಳೆಸುವ ನೀರು ಮುಕ್ಕಾಲು ಪಾಲು ಬರುವುದು ದೋಣಿಯಿಂದ ಅನ್ನುವುದು ನನ್ನ ಅನುಭವ. ಎರಡು ಇಳಿಜಾರು ತಗ್ಗಿನಲ್ಲಿ ಸೇರುವ ಕಡೆ ನೀರು ಹರಿಯಲು ಹಾಕಿದ ತಗಡಿನ ದೋಣಿ, ಪೋರ್ಟಿಕೊ ಮತ್ತು ಮುಖ್ಯ ಛಾವಣಿ ಸೇರುವ ಕಡೆಯ ದೋಣಿ. ನಮ್ಮ ಬೀದಿಗಳ ಮಳೆಮರ, ಹೊಂಗೆ ಎಲೆಗಳೆಲ್ಲ ಅಲ್ಲೇ ಸೇರುತ್ತವೆ. ಎಲೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ತುಂಬಿ, ತಗಡಿನ ಅಂಚು ದಾಟಿ, ನೇರ ಗೋಡೆಯ ತಲೆಗೆ ಇಳಿಯುತ್ತದೆ. ಅಲ್ಲೇ ಅಡ್ಡತೊಲೆಯ ತುದಿ ಇದೆ. ಮಳೆ ಇಲ್ಲದ ದಿನ ದೋಣಿಗೆ ಒಂದೆರಡು ಬಕೆಟ್ ನೀರು ಸುರಿದು, ಒಳಗೆ ಒಬ್ಬರನ್ನು ಟಾರ್ಚ್ ಹಿಡಿದು ಕೂರಿಸಿ. ಗುಟ್ಟು ಬಯಲಾಗುತ್ತದೆ.

ಭಾರ ಬದಲಾಗಿದೆಯಾ

ಹೊಸದಾಗಿ ಶುರುವಾದ ಬಾಗಿಗೆ ಹೊಸ ಕಾರಣ ಇರಲೇಬೇಕು. ಸೋಲಾರ್ ಹೀಟರ್ ಇಟ್ಟರಾ? ಅಡ್ಡತೊಲೆ ಮೇಲೆ ನೀರಿನ ಟ್ಯಾಂಕ್ ಕೂರಿಸಿದರಾ? 500 ಲೀಟರ್ ಟ್ಯಾಂಕ್ ತುಂಬಿದರೆ ಅರ್ಧ ಟನ್. ಮೇಲೆ ಲೆಕ್ಕ ಹಾಕಿದ ಇಡೀ ಟ್ರಸ್‌ನ ಭಾರದ ಮೂರನೇ ಒಂದು ಭಾಗ ಅದೊಂದೇ ಆಯಿತು. ಅದೂ ಎಳೆತಕ್ಕೆ ಇರುವ ತೊಲೆಯನ್ನು ಬಗ್ಗಿಸುವ ಭಾರ. ಅಟ್ಟವನ್ನು ಕೋಣೆ ಮಾಡಲು ಓರೆಗೋಲು ಕತ್ತರಿಸಿದರಾ? ತಲೆಗೆ ತಾಗುತ್ತದೆ ಅಂತ ಅಡ್ಡತೊಲೆಯನ್ನೇ ಕತ್ತರಿಸಿದ ಮನೆಗಳೂ ಇವೆ. ಕತ್ತರಿಸಿದ ಗುರುತು ಕಂಡರೆ ಬೇರೇನೂ ಹುಡುಕಬೇಕಿಲ್ಲ.

ಇನ್ನೊಂದು ಬದಲಾವಣೆಯನ್ನು ಯಾರೂ ದೋಷ ಅಂತ ಎಣಿಸುವುದಿಲ್ಲ. ಭಾರ ಕಡಿಮೆಯಾಗಲಿ ಅಂತ ಹೆಂಚು ತೆಗೆದು ತಗಡಿನ ಶೀಟ್ ಹಾಕುತ್ತಾರೆ. ಹಳೇ ಟ್ರಸ್‌ಗಳನ್ನು ಗೋಡೆಗೆ ಕಟ್ಟಿರುವುದಿಲ್ಲ. ಹೆಂಚಿನ ತೂಕವೇ ಛಾವಣಿಯನ್ನು ಹಿಡಿದಿತ್ತು. ಆ ತೂಕ ಹೋದ ಮೇಲೆ ಮೇ ತಿಂಗಳ ಒಂದು ಬಿರುಗಾಳಿ ಇಡೀ ಛಾವಣಿಯನ್ನು ಎತ್ತಿಬಿಡಬಹುದು. ಶೀಟ್ ಹಾಕಿಯಾಗಿದ್ದರೆ ಪ್ರತಿ ಟ್ರಸ್‌ನ ಬುಡವನ್ನು ಪಟ್ಟಿಯಿಂದ ಗೋಡೆಗೆ ಬಿಗಿಸಿ.

ತಾತ್ಕಾಲಿಕ ಆಸರೆ ಎಲ್ಲಿ ಕೊಡಬೇಕು

ಬುಡ ಕೊಳೆತಿದೆ ಅಂತ ಖಚಿತವಾದರೆ ಆಸರೆ ಕೊಡಬೇಕಾದದ್ದು ಕೊಳೆತ ತುದಿಯ ಪಕ್ಕದಲ್ಲಿ, ಮರ ಗಟ್ಟಿಯಾಗಿರುವ ಮೊದಲ ಜಾಗದ ಕೆಳಗೆ, ಗೋಡೆಗೆ ಆದಷ್ಟು ಹತ್ತಿರ. ನಡುವೆ ಅಲ್ಲ. ನಡುವಿನ ಕಂಬದ ಕೆಳಗೆ ಜಾಕಿ ಇಟ್ಟು ಎತ್ತಿದರೆ ನೇತಾಡುತ್ತಿದ್ದ ಕಂಬ ಮೇಲಕ್ಕೆ ತಳ್ಳಲ್ಪಡುತ್ತದೆ. ನೆತ್ತಿಯಲ್ಲಿ ಪಕ್ಕಾಸುಗಳ ಹಿಡಿತದಿಂದ ಅದರ ತಲೆ ಸಡಿಲವಾಗುತ್ತದೆ. ಓರೆಗೋಲುಗಳ ಲೆಕ್ಕವೂ ತಪ್ಪುತ್ತದೆ. ಗೋಡೆ ಹೊರಕ್ಕೆ ಹೋಗುವುದು ಮಾತ್ರ ಪೂರ್ತಿ ನಿಲ್ಲುವುದಿಲ್ಲ.

ಕಾಲು ಜಾರಿದ್ದರೆ ಬರೀ ಆಸರೆ ಸಾಲದು. ಎರಡು ಪಕ್ಕಾಸಿನ ಕಾಲುಗಳನ್ನು ಒಂದಕ್ಕೊಂದು ಉಕ್ಕಿನ ಹಗ್ಗದಿಂದ ಕಟ್ಟಿ, ತಿರುಪಿನಿಂದ ಬಿಗಿ ಮಾಡಿ ಹಿಡಿಸಬೇಕು. ಕೈ ಬಿಗಿ ಸಾಕು. ಇನ್ನು ಜಾರದಂತೆ ನಿಂತರೆ ಆಯಿತು, ಹಿಂದಕ್ಕೆ ಎಳೆಯುವ ಕೆಲಸ ಈಗ ಬೇಡ. ಇದು ಅನುಭವ ಇರುವವರ ಕೆಲಸ, ಮನೆಯವರು ಕೈ ಹಾಕಬಾರದು.

ರಿಪೇರಿ ಮಾಡುವವರ ಹತ್ತಿರ ಏನು ಕೇಳಬೇಕು

ಪೂರ್ತಿ ತೊಲೆ ಬದಲಾಯಿಸಬೇಕು ಅಂತ ಹೇಳಿದರೆ ಒಪ್ಪಬೇಡಿ. ಸಾಮಾನ್ಯವಾಗಿ ಕೊಳೆತಿರುವುದು ತುದಿಯ ಎರಡು ಮೂರು ಅಡಿ ಮಾತ್ರ. ಅಷ್ಟನ್ನು ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಒಣಗಿದ ಮರವನ್ನು ಸೇರುವ ತುದಿಗಳನ್ನು ಉದ್ದಕ್ಕೆ ಓರೆಯಾಗಿ ಕತ್ತರಿಸಿ ಜೋಡಿಸಿ, ಇಕ್ಕೆಲದಲ್ಲಿ ಉಕ್ಕಿನ ಪಟ್ಟಿ ಇಟ್ಟು ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದು. ಎಳೆತ ಟನ್ ಲೆಕ್ಕದಲ್ಲಿ ಇರುವುದರಿಂದ ಬೋಲ್ಟ್ ಎಷ್ಟು, ಎಲ್ಲಿ ಅನ್ನುವುದನ್ನು ಇಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು. ಸಿಲ್ವರ್ ಓಕ್ ಹಾಕೋಣ, ಅಗ್ಗ ಅಂದರೆ ಖಂಡಿತ ಬೇಡ ಅನ್ನಿ. ನಿಮ್ಮ ತೊಲೆ ತೇಗದ್ದಾದರೆ ಹಳೇ ಮನೆ ಕೆಡವಿದಾಗ ಸಿಗುವ ತೇಗ ಒಳ್ಳೆಯ ಆಯ್ಕೆ. ಅದು ಎಂದೋ ಒಣಗಿ ಕುಗ್ಗಿ ಮುಗಿದಿರುತ್ತದೆ. ಮೊಳೆ ತೂತು, ಹಳೇ ಕಚ್ಚು ಇಲ್ಲದ ಭಾಗ ಆರಿಸಿಕೊಳ್ಳಬೇಕು ಅಷ್ಟೇ.

ಹೆಂಚು ಇಳಿಸುವಾಗ ಎರಡೂ ಇಳಿಜಾರಿನಿಂದ ಸಮಸಮವಾಗಿ ಇಳಿಸಲು ಹೇಳಿ. ಒಂದು ಕಡೆ ಪೂರ್ತಿ ಖಾಲಿ, ಇನ್ನೊಂದು ಕಡೆ ಪೂರ್ತಿ ಭಾರ ಆದರೆ ದುರ್ಬಲ ಟ್ರಸ್ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಇಳಿಸಿದ ಹೆಂಚನ್ನು ಅಟ್ಟದಲ್ಲಿ ಪೇರಿಸಲು ಬಿಡಲೇಬೇಡಿ. ಚದರ ಮೀಟರಿಗೆ ಸುಮಾರು 15 ಹೆಂಚು ಬರುತ್ತದೆ, ಒಂದು ಕಡೆ ಗುಡ್ಡೆ ಹಾಕಿದರೆ ಎಷ್ಟು ಭಾರ ನೋಡಿ.

ಹಳೇ ಬಾಗನ್ನು ಪೂರ್ತಿ ನೇರ ಮಾಡಲು ಹೋಗಬೇಡಿ. ದಶಕಗಳಿಂದ ಬಾಗಿದ ಮರ ಆ ಆಕಾರಕ್ಕೇ ಒಗ್ಗಿದೆ. ಬಲವಂತವಾಗಿ ಎತ್ತಿದರೆ ಗಟ್ಟಿ ಇರುವ ಜಾಯಿಂಟ್ ಸೀಳುತ್ತದೆ. ಇತ್ತೀಚೆಗೆ ಇಳಿದಷ್ಟನ್ನು ಮಾತ್ರ, ದಿನಕ್ಕೆ ಒಂದೆರಡು ಮಿಲಿಮೀಟರ್‌ನಂತೆ ಎತ್ತಿಸಿ. ಟಿಕ್ ಅಂತ ಸದ್ದು ಬಂದರೆ ಅವತ್ತಿಗೆ ನಿಲ್ಲಿಸಬೇಕು.

ಹೊಸ ತುದಿ ಗೋಡೆಯಲ್ಲಿ ಕೂರುವ ಕಡೆ ಅಡಿಗೆ ಕಲ್ಲಿನ ಹಾಸು, ಅದರ ಮೇಲೆ ತೇವ ಏರದಂತೆ ಒಂದು ಪದರ, ಎರಡು ಪಕ್ಕ ಮತ್ತು ಹಿಂದೆ ಬೆರಳು ಅಗಲ ಖಾಲಿ ಜಾಗ, ಹೊರಬಾಯಿಗೆ ಜಾಲರಿ. ಸುತ್ತ ಗಾರೆ ಬೇಕಾದರೆ ಸುಣ್ಣದ್ದು. ಕೆಲಸದವರು ಸಂಜೆ ಹೊರಡುವ ಮೊದಲು ಉಳಿದ ಸಿಮೆಂಟನ್ನು ಅಭ್ಯಾಸಬಲದಿಂದ ಆ ಸಂದಿಗೆ ಬಳಿದುಬಿಡುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿರಿ.

ಕೆಲಸ ಮುಗಿದ ದಿನ ಪ್ರತಿ ಬುಡದ ಜಾಯಿಂಟ್ ಮೇಲೆ ಪಕ್ಕಾಸು ಮತ್ತು ಅಡ್ಡತೊಲೆ ಎರಡನ್ನೂ ದಾಟುವಂತೆ ಒಂದು ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮೇ ತಿಂಗಳ ಮೊದಲ ಜೋರು ಮಳೆಯ ನಂತರ ಒಮ್ಮೆ, ಅಕ್ಟೋಬರ್ ಕೊನೆಗೆ ಒಮ್ಮೆ ಹತ್ತಿ ನೋಡಿ. ಎರಡು ಮರದ ಮೇಲಿನ ಗೆರೆ ಒಂದರ ಎದುರಿಗೆ ಒಂದು ಇದ್ದರೆ ಜಾಯಿಂಟ್ ಅಲುಗಿಲ್ಲ. ಗೆರೆ ತಪ್ಪಿದ್ದರೆ ಎಷ್ಟು ಮಿಲಿಮೀಟರ್ ಅಂತ ಅಲ್ಲೇ ಬರೆದು, ಬೋಲ್ಟ್ ಹಾಕಿದವರನ್ನೂ ಲೆಕ್ಕ ಕೊಟ್ಟ ಇಂಜಿನಿಯರನ್ನೂ ಅದೇ ವಾರ ಕರೆಸಿ ತೋರಿಸಿ.